ಇಳಿದು ಬಂದವರ ಲೆಕ್ಕ

ದನದ ಕೊರಳ ಕೆಳಗೆ ಜೋಲುವ ಚರ್ಮಕ್ಕೆ ನಮ್ಮಲ್ಲಿ ಗಂಗೆದೊಗಲು ಎನ್ನುತ್ತಾರೆ. ನೂರು ವರ್ಷದ ಹಿಂದೆ ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ದನ ಮೇಯಿಸುವವರಿಗೆ ಈ ಗಂಗೆದೊಗಲೇ ದೊಡ್ಡ ತಲೆನೋವಾಗಿತ್ತು. ಬಯಲಿನಿಂದ ಎಂಟು ಸಾವಿರ ಅಡಿಗಿಂತ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದ ದನಗಳು ಮೊದಮೊದಲು ಚೆನ್ನಾಗಿಯೇ ಮೇಯುತ್ತಿದ್ದವು. ವಾರಗಳು ಕಳೆದ ಮೇಲೆ ಕೆಲವು ಮಂಕಾಗುತ್ತಿದ್ದವು. ಗಂಗೆದೊಗಲು ನೀರು ತುಂಬಿ ಊದಿಕೊಳ್ಳುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ಉಸಿರು ಕಟ್ಟುತ್ತಿತ್ತು. 1915ರಲ್ಲಿ ಗ್ಲೋವರ್ ಮತ್ತು ನ್ಯೂಸಮ್ ಎಂಬ ಇಬ್ಬರು ಇದನ್ನು ವಿವರವಾಗಿ ಬರೆದಿಟ್ಟರು. ಸೋಂಕು ಇರಲಿಲ್ಲ, ವಿಷದ ಸೊಪ್ಪೂ ಇರಲಿಲ್ಲ. ದನಗಳನ್ನು ಕೆಡವುತ್ತಿದ್ದುದು ಎತ್ತರ.

ಅದಾಗಿ ಮುಕ್ಕಾಲು ಶತಮಾನದ ಮೇಲೆ, 1990ರಲ್ಲಿ, 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಇಂದರ್ ಆನಂದ್ ಮತ್ತು ಸಂಗಡಿಗರ ಒಂದು ಲೇಖನ ಬಂತು. ಅದರಲ್ಲಿದ್ದವರು 21 ಮಂದಿ ಭಾರತೀಯ ಸೈನಿಕರು. 5,800ರಿಂದ 6,700 ಮೀಟರ್ ಎತ್ತರದಲ್ಲಿ, ಸರಾಸರಿ ಹತ್ತು ಹನ್ನೊಂದು ವಾರ ಕಳೆದವರು. ಮೇಲೆ ಹತ್ತುವಾಗ ಎಲ್ಲರೂ ಗಟ್ಟಿಮುಟ್ಟಾದ ಹುಡುಗರು. ಕೆಳಗೆ ಬರುವಾಗ ಮುಖ, ಕಾಲು ಊದಿದ್ದವು. ಹೊಟ್ಟೆಯಲ್ಲಿ ನೀರು ನಿಂತಿತ್ತು. ಹೃದಯದ ಬಲಭಾಗ ಹಿಗ್ಗಿಹೋಗಿತ್ತು. ಕೊಲರಾಡೊದ ದನಗಳ ಕಾಯಿಲೆಯೇ ಮನುಷ್ಯನಲ್ಲಿ ಕಾಣಿಸಿಕೊಂಡಿತ್ತು. ತಗ್ಗಿಗೆ ತಂದ ಮೇಲೆ ಅವರು ಚೇತರಿಸಿಕೊಂಡರು. ವೈದ್ಯ ಜಗತ್ತಿಗೆ ಇದು ಹೊಸ ಕಾಯಿಲೆ, ಏಕೆಂದರೆ ಅಷ್ಟು ಎತ್ತರದಲ್ಲಿ ತಿಂಗಳುಗಟ್ಟಲೆ ಕಾವಲು ಕೂರುವ ಕೆಲಸವೇ ಹೊಸದು. 1984ರ ಏಪ್ರಿಲ್ 13ರಂದು ಭಾರತೀಯ ಸೇನೆ ಸಿಯಾಚಿನ್ ಏರುವ ತನಕ, ಪರ್ವತಾರೋಹಿಗಳು ಮುಟ್ಟಿ ಓಡಿ ಬರುತ್ತಿದ್ದ ಎತ್ತರ ಅದು.

ಆ 21 ಮಂದಿಯನ್ನು ನೆನಪಿನಲ್ಲಿ ಇಟ್ಟುಕೊಂಡು ನಾನು ಒಂದು ಎಚ್ಚರಿಕೆಯ ಮಾತು ಹೇಳಬೇಕಿದೆ. ಎತ್ತರದಲ್ಲಿ ಸಾಯದಂತೆ ನೋಡಿಕೊಳ್ಳುವುದನ್ನು ನಮ್ಮ ಸೇನೆ ಜಗತ್ತಿಗೇ ಕಲಿಸುವಷ್ಟು ಕಲಿತಿದೆ. ಇಳಿದು ಬಂದವನ ಮೈಯಲ್ಲಿ ಹತ್ತು, ಇಪ್ಪತ್ತು ವರ್ಷದ ಮೇಲೆ ಏನಾಗುತ್ತದೆ ಎಂದು ಹಿಂಬಾಲಿಸಿ ನೋಡುವ ವ್ಯವಸ್ಥೆ ಮಾತ್ರ ತೆಳ್ಳಗಿದೆ. ಮೇಲೆ ಹೋಗುವವರ ಸಂಖ್ಯೆ 2020ರ ನಂತರ ಏರಿದೆ. ಇನ್ನು ಕೆಲವೇ ಸಮಯದಲ್ಲಿ ಅವರಲ್ಲಿ ದೊಡ್ಡ ಪಾಲು ಸೇನೆಯ ವೈದ್ಯಕೀಯ ಕಣ್ಣಿನಿಂದಲೇ ಮರೆಯಾಗಲಿದೆ.

ಮೊದಲು ಎದೆಯೊಳಗೆ ನಡೆಯುವುದನ್ನು ನೋಡೋಣ. ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂದು ಬಹಳ ಜನ ತಿಳಿದಿದ್ದಾರೆ. ಪಾಲು ಎಲ್ಲೆಲ್ಲೂ ಒಂದೇ, ನೂರಕ್ಕೆ ಸುಮಾರು 21. ಕುಸಿಯುವುದು ಗಾಳಿಯ ಒತ್ತಡ. ಲೇಹ್ ಇರುವ 3,500 ಮೀಟರ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗ. 5,500 ಮೀಟರ್‌ನಲ್ಲಿ ಅರ್ಧ. ಅಂದರೆ ಅಲ್ಲಿ ಎಳೆದುಕೊಂಡ ಪ್ರತಿ ಉಸಿರೂ ಅರ್ಧ ಉಸಿರು.

ನಮ್ಮ ಶ್ವಾಸಕೋಶಕ್ಕೆ ಒಂದು ಜಾಣ ಅಭ್ಯಾಸವಿದೆ. ನೀರು ಏರದ ಮಡಿಗೆ ಹೋಗುವ ಕಾಲುವೆಯನ್ನು ರೈತ ಮಣ್ಣು ಹಾಕಿ ಮುಚ್ಚುತ್ತಾನಲ್ಲ, ಹಾಗೆ ಗಾಳಿ ತಲುಪದ ಮೂಲೆಯ ರಕ್ತನಾಳವನ್ನು ಅದು ಬಿಗಿದುಬಿಡುತ್ತದೆ. ರಕ್ತ ಗಾಳಿಯಿರುವ ಕಡೆ ಹರಿಯಲಿ ಎಂಬ ಲೆಕ್ಕ. ಬಯಲಿನಲ್ಲಿ ನ್ಯುಮೋನಿಯಾ ಬಂದಾಗ ಇದು ಜೀವ ಉಳಿಸುವ ಉಪಾಯ. ಎತ್ತರದಲ್ಲಿ ಎಲ್ಲ ಮಡಿಗಳೂ ಒಟ್ಟಿಗೆ ಒಣಗಿರುತ್ತವೆ. ಆಗ ಶ್ವಾಸಕೋಶ ಎಲ್ಲ ಕಾಲುವೆಗಳನ್ನೂ ಬಿಗಿಯುತ್ತದೆ, ಹೃದಯದ ಬಲಭಾಗ ಮುಚ್ಚಿದ ತೂಬಿಗೆ ಎದುರಾಗಿ ಹಗಲೂ ರಾತ್ರಿ ಪಂಪು ಹೊಡೆಯುತ್ತದೆ. ಕೆಲವರಲ್ಲಿ ಈ ಒತ್ತಡಕ್ಕೆ ಎರಡು ಮೂರು ದಿನದಲ್ಲೇ ಸೂಕ್ಷ್ಮ ನಾಳಗಳು ಸೋರಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸೈನಿಕರ ಬಾಯಲ್ಲಿ ಇದು 'ಹಾಪೋ'. ಇನ್ನು ಕೆಲವರಲ್ಲಿ ತಿಂಗಳುಗಳ ಕಾಲ ಏನೂ ಆಗದೆ ನಾಳದ ಗೋಡೆಗಳೇ ದಪ್ಪವಾಗುತ್ತಾ ಹೋಗುತ್ತವೆ.

ಇದರ ಜೊತೆಗೆ ರಕ್ತ ಮಂದವಾಗುತ್ತದೆ. ಕಡಿಮೆ ಆಮ್ಲಜನಕವನ್ನು ಹೆಚ್ಚು ಗಾಡಿಗಳಲ್ಲಿ ಸಾಗಿಸುವ ಉಪಾಯವಾಗಿ ದೇಹ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ಜೊತೆಗೆ ಒಣ ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಹಿಮ ಕರಗಿಸಿ ನೀರು ಮಾಡಬೇಕು, ಬಿರುಗಾಳಿಯಲ್ಲಿ ದಿನಗಟ್ಟಲೆ ಗುಡಿಸಲಿನೊಳಗೆ ಮುದುಡಿ ಕೂರಬೇಕು. ಮಂದ ರಕ್ತ, ಒಣಗಿದ ಮೈ, ಅಲುಗಾಡದ ಕಾಲು: ಹೆಪ್ಪುಗಟ್ಟಲು ಇನ್ನೇನು ಬೇಕು? 2001ರಲ್ಲಿ ಸೇನಾ ವೈದ್ಯರ ತಂಡವೊಂದು 'ನ್ಯಾಷನಲ್ ಮೆಡಿಕಲ್ ಜರ್ನಲ್ ಆಫ್ ಇಂಡಿಯಾ'ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎತ್ತರದಲ್ಲಿ ದೀರ್ಘಕಾಲ ಇದ್ದವರಲ್ಲಿ ರಕ್ತನಾಳಗಳಲ್ಲಿ ತಾನಾಗಿ ಹೆಪ್ಪುಗಟ್ಟುವ ಅಪಾಯ ತಗ್ಗಿನಲ್ಲಿದ್ದವರಿಗಿಂತ ಸುಮಾರು 30 ಪಟ್ಟು ಹೆಚ್ಚು. ಎರಡು ಪಟ್ಟು, ಮೂರು ಪಟ್ಟು ಎಂದರೇ ವೈದ್ಯಶಾಸ್ತ್ರ ಹುಬ್ಬೇರಿಸುತ್ತದೆ. ಈ ಹೆಪ್ಪು ಕಾಲಿನಲ್ಲಾದರೆ ಊತ, ಶ್ವಾಸಕೋಶಕ್ಕೆ ಹೋದರೆ ಸಾವು, ಮಿದುಳಿನಲ್ಲಾದರೆ ಇಪ್ಪತ್ತೈದರ ಹುಡುಗನಿಗೆ ಲಕ್ವ.

ಸೇನೆ ಇದನ್ನು ಕಲಿತದ್ದು ಕಷ್ಟದ ಶಾಲೆಯಲ್ಲಿ. 1962ರ ಚೀನಾ ಯುದ್ಧದಲ್ಲಿ ಬಯಲಿನ ಹುಡುಗರನ್ನು ಅವಸರದಲ್ಲಿ ಮೇಲಕ್ಕೆ ಸಾಗಿಸಲಾಯಿತು. ವಿಮಾನದಲ್ಲಿ ಒಂದೆರಡು ದಿನದಲ್ಲಿ ಏರಿದವರಲ್ಲಿ ಹಾಪೋ ಶೇ. 15ರವರೆಗೂ ಕಾಣಿಸಿದ್ದು ದಾಖಲಾಗಿದೆ. ಆ ಅನುಭವವನ್ನೆಲ್ಲ ಕೂಡಿಸಿ ಇಂದರ್ ಸಿಂಗ್ ಮತ್ತು ಸಂಗಡಿಗರು (ಇವರು ಬೇರೆ ಇಂದರ್) 1969ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ 1,925 ಸೈನಿಕರ ಎತ್ತರದ ಕಾಯಿಲೆಯನ್ನು ವಿವರಿಸಿದರು. ಇವತ್ತಿಗೂ ಜಗತ್ತಿನ ಪರ್ವತ ವೈದ್ಯರು ಓದುವ ಬರಹ ಅದು. ಅಲ್ಲಿಂದ ಮುಂದೆ ಬಂದದ್ದೇ ಪ್ರತಿ ಜವಾನನಿಗೂ ಬಾಯಿಪಾಠವಾಗಿರುವ ಲೆಕ್ಕ: ಒಂಬತ್ತರಿಂದ ಹನ್ನೆರಡು ಸಾವಿರ ಅಡಿಯಲ್ಲಿ ಆರು ದಿನ, ಹದಿನೈದು ಸಾವಿರದವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನೂ ನಾಲ್ಕು ದಿನ ಮೈ ಒಗ್ಗಿಸಿಕೊಳ್ಳಬೇಕು. ಸಾಲದ್ದಕ್ಕೆ ಆಮ್ಲಜನಕ, ಔಷಧ, ಒತ್ತಡ ತುಂಬಿದ ಹಾಪೋ ಚೀಲ, ಹೆಲಿಕಾಪ್ಟರ್. 2016ರಲ್ಲಿ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಸಂಸತ್ತಿನಲ್ಲಿ ಹೇಳಿದ ಪ್ರಕಾರ ಸಿಯಾಚಿನ್‌ನಲ್ಲಿ ಅಲ್ಲಿಯವರೆಗೆ 915 ಮಂದಿ ಮಡಿದಿದ್ದರು. ವರ್ಷಕ್ಕೆ ಸರಾಸರಿ 28ರಷ್ಟಿದ್ದ ಸಾವು ಇತ್ತೀಚೆಗೆ ಹತ್ತರ ಆಸುಪಾಸಿಗೆ ಇಳಿದಿದೆ ಎಂದೂ ಅವರು ಹೇಳಿದ್ದರು.

ಆ ಮಾತು ಬಂದದ್ದು ಕನ್ನಡನಾಡು ಮರೆಯದ ತಿಂಗಳಲ್ಲಿ. ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು, ಅವರಲ್ಲಿ ಮೂವರು ಕರ್ನಾಟಕದವರು. ಆರು ದಿನದ ಮೇಲೆ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕಾಗ ನಾಡೆಲ್ಲ ದೇವರಿಗೆ ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಹಿಮಪಾತಕ್ಕೆ ದಿನಾಂಕವಿರುತ್ತದೆ, ಜಾಗವಿರುತ್ತದೆ, ಟಿವಿಯವರು ಬರುತ್ತಾರೆ. ರಕ್ತನಾಳದ ಗೋಡೆ ದಪ್ಪವಾಗುವುದಕ್ಕೆ ಅದು ಯಾವುದೂ ಇಲ್ಲ.

2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಇಪ್ಪತ್ತು ಯೋಧರು ಹುತಾತ್ಮರಾದ ಮೇಲೆ ಚಿತ್ರವೇ ಬದಲಾಯಿತು. ಪೂರ್ವ ಲಡಾಖ್‌ಗೆ ಐವತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಸಾಗಿಸಲಾಯಿತು ಎಂಬುದು ಆಗಿನ ವರದಿಗಳಲ್ಲಿ ಬಂದ ಅಂದಾಜು. ಮೊದಲು ಚಳಿಗಾಲದಲ್ಲಿ ಖಾಲಿ ಬಿಡುತ್ತಿದ್ದ ಶಿಖರಗಳಲ್ಲೂ ಜನ ಉಳಿದರು. 2024ರ ಅಕ್ಟೋಬರ್‌ನಲ್ಲಿ ದೆಪ್ಸಾಂಗ್, ದೆಮ್ಚೋಕ್‌ಗಳಲ್ಲಿ ಹಿಂದೆ ಸರಿಯುವ ಒಪ್ಪಂದವಾಯಿತು. ಅಷ್ಟರಲ್ಲಿ ನಾಲ್ಕು ಚಳಿಗಾಲ ಕಳೆದಿದ್ದವು. ಸಿಯಾಚಿನ್‌ನ ತುತ್ತತುದಿಯ ಪೋಸ್ಟುಗಳಲ್ಲಿ ಒಬ್ಬನನ್ನು ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹೆಚ್ಚು ಇರಿಸುವುದಿಲ್ಲ. ಪೂರ್ವ ಲಡಾಖ್‌ನ ಹದಿನಾಲ್ಕು, ಹದಿನೈದು ಸಾವಿರ ಅಡಿಗಳಲ್ಲಿ ಅಷ್ಟು ಕಟ್ಟುನಿಟ್ಟಿನ ಸರದಿಯಿಲ್ಲ. ಎತ್ತರ ತುಸು ಕಡಿಮೆ, ಆದರೆ ಜನ ಹೆಚ್ಚು, ದಿನಗಳೂ ಹೆಚ್ಚು. ಸಾರ್ವಜನಿಕ ಆರೋಗ್ಯದ ಗಣಿತದಲ್ಲಿ ಸಣ್ಣ ಅಪಾಯವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಬರುವ ಮೊತ್ತ ಸಣ್ಣದಲ್ಲ.

ಇಲ್ಲಿ ನನ್ನ ವಾದಕ್ಕೆ ಎದುರಾದ ಒಂದು ಸಾಕ್ಷ್ಯವನ್ನೂ ಹೇಳಿಬಿಡಬೇಕು, ಅದು ಚಿಕ್ಕದೇನಲ್ಲ. ಅದೇ ಇಂದರ್ ಸಿಂಗ್ ತಂಡ 1965ರಿಂದ 1972ರವರೆಗೆ ಎತ್ತರದಲ್ಲಿದ್ದ 20,000 ಸೈನಿಕರನ್ನೂ ಬಯಲಿನಲ್ಲಿದ್ದ 1,30,700 ಸೈನಿಕರನ್ನೂ ಹೋಲಿಸಿ 1977ರಲ್ಲಿ ಫಲಿತಾಂಶ ಪ್ರಕಟಿಸಿತು. ರಕ್ತದೊತ್ತಡ, ಮಧುಮೇಹ, ಹೃದಯಾಘಾತಕ್ಕೆ ಮೂಲವಾದ, ಹೃದಯಕ್ಕೆ ರಕ್ತ ಸಾಲದ ಕಾಯಿಲೆ, ಆಸ್ತಮಾ, ಅನೇಕ ಸೋಂಕುಗಳು ಎತ್ತರದಲ್ಲಿದ್ದವರಲ್ಲೇ ಕಡಿಮೆ! ಹಾಗಾದರೆ ಎತ್ತರ ಒಳ್ಳೆಯದೇ? ಒಂದು ಮಟ್ಟಿಗೆ ಇರಬಹುದು. ತೂಕ ಇಳಿಯುತ್ತದೆ, ನಡಿಗೆ ಹೆಚ್ಚು, ಸೊಳ್ಳೆ ಇಲ್ಲ. ಆದರೆ ಮೇಲೆ ಹೋಗುವವರನ್ನು ಪರೀಕ್ಷೆ ಮಾಡಿಯೇ ಆರಿಸುತ್ತಾರೆ, ಕಾಯಿಲೆ ಬಿದ್ದವರನ್ನು ಕೆಳಗೆ ಕಳಿಸುತ್ತಾರೆ. ಜರಡಿ ಹಿಡಿದ ಕಾಳಿನಲ್ಲಿ ಹೊಟ್ಟು ಕಡಿಮೆ ಇರುವುದು ಸಹಜ. ಅಲ್ಲದೆ ಈ ಹೋಲಿಕೆ ಸಮವಸ್ತ್ರದೊಳಗಿನದು. ನಲವತ್ತಕ್ಕೆ ನಿವೃತ್ತನಾಗಿ ಗದಗಿನಲ್ಲೋ ಮಡಿಕೇರಿಯಲ್ಲೋ ಬ್ಯಾಂಕಿನ ಕಾವಲಿಗೆ ಕುಳಿತವನು ಇದರಲ್ಲಿ ಬರುವುದಿಲ್ಲ. ಹೆಚ್ಚಿನವರ ಮೈ ತಗ್ಗಿಗೆ ಬಂದ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ, ಮಂದವಾದ ರಕ್ತ ತಿಳಿಯಾಗುತ್ತದೆ ಎಂಬುದೂ ನಿಜವೇ. ಮರಳದ ಅಲ್ಪಸಂಖ್ಯಾತರು ಯಾರು, ಎಷ್ಟು ಮಂದಿ ಎಂಬುದು ಪ್ರಶ್ನೆ.

ಗಾಳಿಯೊಂದೇ ಶತ್ರುವೂ ಅಲ್ಲ. ಪೋಸ್ಟಿನಲ್ಲಿ ಚಳಿ ಕಾಯಿಸುವುದು ಬುಖಾರಿ, ಅಂದರೆ ಸೀಮೆಎಣ್ಣೆ ಒಲೆ. ಅಡುಗೆಗೂ, ಹಿಮ ಕರಗಿಸುವುದಕ್ಕೂ ಸೀಮೆಎಣ್ಣೆಯೇ. ಬಿರುಗಾಳಿಗೆ ಕಿಂಡಿ ಮುಚ್ಚಿದ ಪುಟ್ಟ ಗುಡಿಸಲಿನಲ್ಲಿ ಏಳೆಂಟು ಜನ ರಾತ್ರಿಯೆಲ್ಲ ಆ ಹೊಗೆ ಕುಡಿಯುತ್ತಾರೆ. ಬೆಳಗ್ಗೆ ಕೆಮ್ಮಿದರೆ ಕಫ ಕಪ್ಪಗೆ ಬರುತ್ತದೆ. ಈ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಅಂಟುತ್ತದೆ. ಆಮ್ಲಜನಕ ಅರ್ಧಕ್ಕೆ ಇಳಿದ ಕಡೆ ಉಳಿದರ್ಧಕ್ಕೂ ಪೈಪೋಟಿ ಬಂದಂತೆ. ನಮ್ಮ ಹಳ್ಳಿಗಳ ಸೌದೆ ಒಲೆಯ ಹೊಗೆ ಹೆಂಗಸರ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಅಧ್ಯಯನಗಳ ರಾಶಿಯೇ ಇದೆ, ಅದರ ಮೇಲೆ ಸರ್ಕಾರ ಮನೆಮನೆಗೆ ಗ್ಯಾಸ್ ಕೊಟ್ಟಿತು. ಬುಖಾರಿಯ ಮುಂದೆ ಕುಳಿತವನ ಎದೆಗೂ ಅದೇ ಕಾಳಜಿ ಸಲ್ಲಬೇಕು.

ಕಣ್ಣಿನ ವಿಷಯವೂ ಹಾಗೇ. ಸಾವಿರ ಮೀಟರ್ ಏರಿದಂತೆ ಬಿಸಿಲಿನ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಬಹುಪಾಲನ್ನು ಕೆಳಗಿನಿಂದ ಮತ್ತೆ ಮುಖಕ್ಕೇ ಎಸೆಯುತ್ತದೆ. ಕನ್ನಡಕವಿಲ್ಲದೆ ಒಂದು ದಿನ ಕಳೆದರೆ ಹಿಮಕುರುಡು, ಅದು ವಾಸಿಯಾಗುತ್ತದೆ. ವರ್ಷಗಳ ಬಿಸಿಲು ಕೂಡಿಕೂಡಿ ತರುವುದು ಕಣ್ಣಿನ ಪೊರೆ, ಅದು ತಾನಾಗಿ ವಾಸಿಯಾಗುವುದಿಲ್ಲ. ಇದೆಲ್ಲ ಗೊತ್ತಿದ್ದೂ 2020ರ ಫೆಬ್ರುವರಿಯಲ್ಲಿ, ಗಲ್ವಾನ್‌ಗೆ ನಾಲ್ಕು ತಿಂಗಳು ಮೊದಲು, ಸಂಸತ್ತಿಗೆ ಬಂದ ಮಹಾಲೇಖಪಾಲರ ವರದಿಯಲ್ಲಿ ಏನಿತ್ತು? ಹಿಮದ ಕನ್ನಡಕಗಳ ಕೊರತೆ ಶೇ. 62ರಿಂದ ಶೇ. 98. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹೊಸ ಬೂಟು ಸಿಗದೆ ಹಳೆಯದನ್ನೇ ಸರಿಪಡಿಸಿ ತೊಟ್ಟದ್ದು. ವಿಶೇಷ ಪಡಿತರದ ಬದಲಿಗೆ ಕೊಟ್ಟ ಪದಾರ್ಥವನ್ನು ಕ್ಯಾಲೊರಿಯಿಂದ ಅಳೆಯದೆ ಬೆಲೆಯಿಂದ ಅಳೆದದ್ದರಿಂದ ಜವಾನನ ತಟ್ಟೆಯಲ್ಲಿ ಕ್ಯಾಲೊರಿ ಶೇ. 82ರವರೆಗೂ ಖೋತಾ. ಸೇನೆ ಇದು ಹಳೆಯ ಕಥೆ, ಈಗ ಸರಿಯಾಗಿದೆ ಎಂದಿತು. ಸರಿಯಾಗಿರಲಿ, ಆ ಹಳೆಯ ಕಥೆಯ ವರ್ಷಗಳಲ್ಲಿ ಮೇಲಿದ್ದವರ ಕಣ್ಣು, ಪಾದಗಳು ಹಳೆಯ ಕಥೆಯಾಗುವುದಿಲ್ಲ. ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ 1961ರಿಂದಲೂ ಹಸಿವು ಸತ್ತ ನಾಲಗೆಗೆ ರುಚಿಸುವ, ಕೆಡದ ಊಟ ಹುಡುಕುತ್ತಾ ಬಂದಿದೆ. ಅಲ್ಲಿನ ಶ್ರಮ ಪೊಟ್ಟಣದಲ್ಲಿ ಸೇರಿ ಬೆಟ್ಟದ ಬುಡದಲ್ಲಿ ನಿಂತುಬಿಟ್ಟರೆ ಅದಕ್ಕೆ ವಿಜ್ಞಾನ ಹೊಣೆಯಲ್ಲ.

ಈಗ ಕ್ಯಾಲೆಂಡರಿಗೆ ಬರೋಣ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾಯಿತು. ನಾಲ್ಕು ವರ್ಷದ ಸೇವೆ. ನಿಯಮದ ಪ್ರಕಾರ ನೂರಕ್ಕೆ 25ರವರೆಗೆ ಕಾಯಂ, ಉಳಿದವರು ಮನೆಗೆ. ಮೊದಲ ತಂಡಗಳ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಮನೆಗೆ ಹೋಗುವವನಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಸಿಗುತ್ತದೆ. ಪಿಂಚಣಿಯಿಲ್ಲ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡೂ ಇಲ್ಲ. ಯೋಜನೆ ಒಳ್ಳೆಯದೇ ಕೆಟ್ಟದ್ದೇ ಎಂಬ ರಾಜಕೀಯ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ಆತಂಕ ದಾಖಲೆಯದು.

ಪಿಂಚಣಿ ಪಡೆಯುವ ಹಳೆಯ ಸೈನಿಕ ಕಾಯಿಲೆ ಬಿದ್ದಾಗ ಸೇನೆಯ ಪಾಲಿಕ್ಲಿನಿಕ್ಕಿಗೆ ಬರುತ್ತಾನೆ. ಅಲ್ಲಿನ ವೈದ್ಯನಿಗೆ ಸಿಯಾಚಿನ್ ಎಂದರೆ ಏನೆಂದು ಗೊತ್ತು. ಕಡತದಲ್ಲಿ ಒಂದು ಗೆರೆಯಾದರೂ ಉಳಿಯುತ್ತದೆ. ಅಗ್ನಿಪಥದಲ್ಲಿ ಸೇರಿ ಮನೆಗೆ ಮರಳಿದ ಅಗ್ನಿವೀರ ಹೋಗುವುದು ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ಪೇಟೆಯ ಕ್ಲಿನಿಕ್ಕಿಗೆ. ಇಪ್ಪತ್ತೈದರ ಹುಡುಗ ಏದುಸಿರು ಎಂದರೆ ಅಲ್ಲಿ ಗ್ಯಾಸ್ಟ್ರಿಕ್, ಟೆನ್ಷನ್, ಹೆಚ್ಚೆಂದರೆ ಆಸ್ತಮಾ. ಅಗ್ನಿವೀರರು ಎತ್ತರಕ್ಕೆ ಹೋಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕರ್ತವ್ಯದಲ್ಲಿ ಮಡಿದ ಮೊದಲ ಅಗ್ನಿವೀರ 2023ರ ಅಕ್ಟೋಬರ್‌ನಲ್ಲಿ ಪ್ರಾಣ ಬಿಟ್ಟದ್ದು ಸಿಯಾಚಿನ್‌ನಲ್ಲೇ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಅವರಿಗೂ ಪರಿಹಾರವಿದೆ: ಶೇ. 50, 75, 100 ಎಂಬ ಮೂರು ಮೆಟ್ಟಿಲಲ್ಲಿ 15, 25, 44 ಲಕ್ಷ. ಹೋದ ಕಾಲು, ಕುರುಡಾದ ಕಣ್ಣು ಈ ಮೆಟ್ಟಿಲಿಗೆ ಸಲೀಸಾಗಿ ಹೊಂದುತ್ತವೆ. ಸದ್ದಿಲ್ಲದೆ ಬೆಳೆದು ಎಂಟು ವರ್ಷದ ಮೇಲೆ ಗೊತ್ತಾಗುವ ಶ್ವಾಸಕೋಶದ ರಕ್ತದೊತ್ತಡ ಯಾವ ಮೆಟ್ಟಿಲಿನದು?

2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನ್ಯಾಯವಾದ ತತ್ವ ಹಾಕಿಕೊಟ್ಟಿತ್ತು. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ, ಮುಂದೆ ಆರೋಗ್ಯ ಕೆಟ್ಟು ಬಿಡುಗಡೆಯಾದವನ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಆದರೆ ಇದು ನೆರವಾಗುವುದು ಬಿಡುಗಡೆಯ ದಿನವೇ ಕಾಯಿಲೆ ಪತ್ತೆಯಾದವನಿಗೆ. ಆರೋಗ್ಯವಂತನೆಂದು ಷರಾ ಬರೆಸಿಕೊಂಡು ಹೊರಬಂದವನ ಮುಂದೆ ಖಾಲಿ ಹಾಳೆಯಿರುತ್ತದೆ, ಖಾಲಿ ಹಾಳೆ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಖಾಲಿ ಹಾಳೆಯ ಬೆಲೆಯೇನೆಂದು ಅಮೆರಿಕ ಕಂಡುಂಡಿದೆ. ವಿಯೆಟ್ನಾಂ ಕಾಡಿನ ಮೇಲೆ ಕಳೆನಾಶಕಗಳನ್ನು ಸುರಿದದ್ದು 1962ರಿಂದ 1971ರವರೆಗೆ; ಅದರಲ್ಲಿದ್ದ ಡಯಾಕ್ಸಿನ್ನಿಂದ ಯೋಧರಿಗಾದ ಹಾನಿಯನ್ನು ಒಪ್ಪುವ ಕಾನೂನು ಬಂದದ್ದು 1991ರಲ್ಲಿ. ಯಾರು ಎಲ್ಲಿ, ಎಷ್ಟು ದಿನ ಇದ್ದರು ಎಂಬ ದಾಖಲೆ ಸರಿಯಿಲ್ಲದ್ದೇ ತಡಕ್ಕೆ ಒಂದು ಮುಖ್ಯ ಕಾರಣ. ಇರಾಕ್, ಅಫ್ಗಾನಿಸ್ತಾನಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳ ಹೊಗೆಗೆ ಇಂಥದೇ ಕಾನೂನು 2022ರಲ್ಲಿ ಬಂತು. ನಡುವೆ ಅವರು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ 2001ರಲ್ಲಿ ಶುರು ಮಾಡಿದ 'ಮಿಲೇನಿಯಂ ಕೋಹಾರ್ಟ್' ಅಧ್ಯಯನ. ಎರಡು ಲಕ್ಷಕ್ಕೂ ಹೆಚ್ಚು ಸೈನಿಕರನ್ನು, ಸಮವಸ್ತ್ರ ಕಳಚಿದ ಮೇಲೂ, ಕೆಲವು ವರ್ಷಕ್ಕೊಮ್ಮೆ ಪ್ರಶ್ನೆ ಕೇಳುತ್ತಾ ಹಿಂಬಾಲಿಸುತ್ತಿದ್ದಾರೆ. ಹಾನಿ ಬಂದ ಮೇಲೆ ಹುಡುಕುವುದಕ್ಕಿಂತ ಬರುವ ದಾರಿಯಲ್ಲೇ ಕೂತು ಎಣಿಸುವ ಉಪಾಯ.

ನಮ್ಮಲ್ಲಿ ಇದಕ್ಕೆ ಬೇಕಾದ ವಿದ್ಯೆಗೆ ಬರವಿಲ್ಲ. ಬೆಂಗಳೂರಿನಲ್ಲೇ ವಿಮಾನ ಚಾಲಕರನ್ನು ಒತ್ತಡದ ಕೋಣೆಯಲ್ಲಿ ಕೂರಿಸಿ ಎತ್ತರದ ಪಾಠ ಹೇಳುವ ವಾಯುಪಡೆಯ ವೈದ್ಯಕೀಯ ಸಂಸ್ಥೆಯಿದೆ. ಅದೇ ಊರಿನಲ್ಲಿರುವ, ರಕ್ಷಣಾ ಸಂಶೋಧನೆಯ ಡೆಬೆಲ್ ಪ್ರಯೋಗಾಲಯ, ರಕ್ತದಲ್ಲಿ ಆಮ್ಲಜನಕ ಇಳಿದಾಗ ತಾನೇ ಅರಿತು ಪೂರೈಸುವ ಸಲಕರಣೆಯೊಂದನ್ನು ತೀರಾ ಎತ್ತರದಲ್ಲಿರುವ ಯೋಧರಿಗೆಂದು ರೂಪಿಸಿತ್ತು. 2021ರ ಕೋವಿಡ್ ಅಲೆಯಲ್ಲಿ ಅದೇ 'ಆಕ್ಸಿಕೇರ್' ಹೆಸರಿನಲ್ಲಿ ಬಂತು, ಕೇಂದ್ರ ಒಂದೂವರೆ ಲಕ್ಷ ಖರೀದಿಗೆ ಒಪ್ಪಿಗೆ ಕೊಟ್ಟಿತು. ಹಿಮದ ಮೇಲಿನವನ ಉಸಿರಿಗೆಂದು ಮಾಡಿದ್ದು ಬಯಲಿನ ವಾರ್ಡುಗಳಿಗೂ ಒದಗಿತು.

ಬೇಕಿರುವುದು ಅದಕ್ಕಿಂತ ಅಗ್ಗದ್ದು. ಸೇನೆಯಿಂದ ಹೊರಡುವ ದಿನ ಯೋಧನಿಗೆ ಹೃದಯದ ಒಂದು ಎಕೋ, ಒಂದು ಉಸಿರಿನ ಪರೀಕ್ಷೆ, ಹಿಮೋಗ್ಲೋಬಿನ್, ಕಣ್ಣಿನ ತಪಾಸಣೆ; ಅದರ ಪ್ರತಿ ಅವನ ಕೈಗೆ. ಐದು ವರ್ಷಕ್ಕೊಮ್ಮೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಮತ್ತೆ ಅದೇ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯ ವೈದ್ಯ ಬೀಡಿ ಸೇದುತ್ತೀಯಾ ಎಂದು ಕೇಳುವಾಗಲೇ, ಮಿಲಿಟರಿಯಲ್ಲಿದ್ದೆಯಾ, ಎಷ್ಟು ಎತ್ತರದಲ್ಲಿ, ಎಷ್ಟು ತಿಂಗಳು ಎಂಬ ಇನ್ನೊಂದು ಪ್ರಶ್ನೆ.

ಎಲ್ಲಕ್ಕಿಂತ ಕಷ್ಟದ ಭಾಗ ಯಾರು ಎಷ್ಟು ಎತ್ತರದಲ್ಲಿ ಎಷ್ಟು ದಿನ ಇದ್ದರೆಂಬ ಲೆಕ್ಕ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಲೆಕ್ಕ ಆಗಲೇ ಇದೆ, ಅದೂ ರೂಪಾಯಿಯಲ್ಲಿ. ಒಂಬತ್ತರಿಂದ ಹದಿನೈದು ಸಾವಿರ ಅಡಿಗೆ ಒಂದು ದರ್ಜೆಯ ಎತ್ತರದ ಭತ್ಯೆ, ಹದಿನೈದು ಸಾವಿರ ದಾಟಿದರೆ ಮೇಲಿನ ದರ್ಜೆ, ಸಿಯಾಚಿನ್‌ಗೆ ಪ್ರತ್ಯೇಕ. 2017ರ ಪರಿಷ್ಕರಣೆಯಲ್ಲಿ ಜವಾನನಿಗೆ ಅದು ತಿಂಗಳಿಗೆ 30,000 ರೂಪಾಯಿಯಾಯಿತು. ಯಾವ ಹುಡುಗ ಯಾವ ತಾರೀಕಿಗೆ ಹದಿನೈದು ಸಾವಿರ ಅಡಿಯ ಗೆರೆ ದಾಟಿದ, ಯಾವ ತಾರೀಕಿಗೆ ಇಳಿದ ಎಂಬುದನ್ನು ಸೇನೆಯ ಸಂಬಳದ ಕಚೇರಿ ಪೈಸೆ ತಪ್ಪದಂತೆ ಬರೆದಿಟ್ಟಿದೆ. ಆ ಪುಸ್ತಕವನ್ನು ವೈದ್ಯನ ಮೇಜಿನ ಮೇಲೆ ಇಡಬೇಕು, ಮೊದಲ ತಂಡ ಟ್ರಂಕು ಹೊತ್ತು ರೈಲು ಹತ್ತುವುದರೊಳಗೆ.